ಶಿವನಸಮುದ್ರದಿಂದ ಪಾವಗಡದವರೆಗೆ: ಬೆಳಕು ಮೊದಲು ಯಾರಿಗೆ?

‘ನವೀಕರಿಸಬಹುದಾದ ಇಂಧನ’ ಎಂಬ ಮಾತು ಈಚಿನದು, ವಸ್ತು ಈಚಿನದಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಂತ್ರಜ್ಞಾನ ಕಂಪನಿಗಳಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾರೆ. ತಮ್ಮ ಕಚೇರಿಗಳು ಸೂರ್ಯ, ಗಾಳಿಗಳ ಬಲದಿಂದ ನಡೆಯುತ್ತವೆಂದು ಅವರು ಹೇಳುವಾಗ ನನಗೂ ಸಂತೋಷವೇ. ಅವರೆಲ್ಲರೂ ಒಮ್ಮೆ 1902ರ ಕಡೆಗೆ ತಿರುಗಿ ನೋಡಬೇಕೆಂಬುದು ನನ್ನ ಆಸೆ.

ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಕೋಲಾರದ ಚಿನ್ನದ ಗಣಿಗಳ ಹಬೆಯಂತ್ರಗಳಿಗೆ ದೂರದಿಂದ ಇಂಧನ ಬರಬೇಕಾಗಿತ್ತು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ರಭಸವನ್ನೇ ಈ ಕೆಲಸಕ್ಕೆ ಹಚ್ಚಬಹುದೆಂದು ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್ ಯೋಜನೆ ಹೂಡಿದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದಕ್ಕೆ ಬೆನ್ನೆಲುಬಾಗಿ ನಿಂತರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದಲೂ ಬಂದವು. 1902ರ ಜೂನ್ 30ರಂದು, ಸುಮಾರು 147 ಕಿಲೋಮೀಟರ್ ತಂತಿಯ ಮೂಲಕ, ಗಣಿಗಳಿಗೆ ವಿದ್ಯುತ್ ಹರಿಯಿತು. 1901ರಲ್ಲಿಯೇ ಕಣ್ಮುಚ್ಚಿದ್ದ ಶೇಷಾದ್ರಿ ಅಯ್ಯರರಿಗೆ ಅದನ್ನು ಕಾಣುವ ಯೋಗವಿರಲಿಲ್ಲ.

ಬೆಂಗಳೂರಿಗೆ ಆ ಬೆಳಕು ಬಂದದ್ದು 1905ರ ಆಗಸ್ಟ್ 5ರಂದು, ಅಂದರೆ ಮೂರು ವರ್ಷಗಳ ತರುವಾಯ. ಅದು ಬಂದದ್ದೂ ಮಹಾರಾಜರ ಆಡಳಿತದಲ್ಲಿದ್ದ ಪೇಟೆಗೆ. ನಮ್ಮ ಜೋಗುಪಾಳ್ಯ, ಹಲಸೂರುಗಳು ಆಗ ಬ್ರಿಟಿಷರ ದಂಡುಪ್ರದೇಶದ ಭಾಗ. 1949ರಲ್ಲಿ ಎರಡೂ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾಗುವವರೆಗೆ ಇಲ್ಲಿಯ ದೀಪ, ನೀರುಗಳ ಲೆಕ್ಕವೇ ಬೇರೆ. ನಾಡಿನ ಬಹುಪಾಲು ಹಳ್ಳಿಗಳಂತೂ ವಿದ್ಯುದ್ದೀಪ ಕಂಡದ್ದು ಸ್ವಾತಂತ್ರ್ಯಾನಂತರ. ಮೊದಲು ಕಂಪನಿ, ಆಮೇಲೆ ಪಟ್ಟಣ, ಕಟ್ಟಕಡೆಗೆ ಹಳ್ಳಿ: ಇದು ಬೆಳಕು ನಡೆದು ಬಂದ ದಾರಿ.

ಇಷ್ಟಾದರೂ ಆ ಏರ್ಪಾಡಿನಲ್ಲಿ ಒಂದು ಹಿರಿಯ ಗುಣವಿತ್ತು. ಗಣಿಕಂಪನಿ ಗಿರಾಕಿಯಾಗಿತ್ತೇ ಹೊರತು ಒಡೆಯನಾಗಿರಲಿಲ್ಲ. ವಿದ್ಯುದಾಗಾರ ಸಂಸ್ಥಾನದ್ದು, ತಂತಿ ಸಂಸ್ಥಾನದ್ದು, ಗಣಿಗಳು ತೆತ್ತ ಹಣ ಸಂಸ್ಥಾನದ ಬೊಕ್ಕಸಕ್ಕೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ವಿದ್ಯುತ್ತಿಗೂ ಕೊರತೆ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಈ ಕೊರತೆಯೂ ಒಂದು ಕಾರಣ. ಸೂರ್ಯ ಮುಳುಗಿದ ಮೇಲೆ ಏನು ಮಾಡುವುದೆಂದು ಇಂದು ನಾವು ಕೇಳುತ್ತೇವೆ. ಮಳೆ ನಿಂತ ಮೇಲೆ ಏನು ಮಾಡುವುದೆಂದು ಅವರು ಕೇಳಿಕೊಂಡಿದ್ದರು. ಗಣಿಯ ಅಗತ್ಯಕ್ಕೂ ನೆರವಾಗಲೆಂದು ಕಟ್ಟಿದ ಕಟ್ಟೆ ಮಂಡ್ಯದ ಗದ್ದೆಗಳಿಗೂ ನೀರುಣಿಸಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಕಟ್ಟೆ ಉಳಿದಿದೆ, ಶಿವನಸಮುದ್ರದ ವಿದ್ಯುದಾಗಾರವೂ ಉಳಿದಿದೆ.

ನೀರಿನ ವಿದ್ಯುತ್ತಿಗೂ ಬೆಲೆ ತೆತ್ತವರಿದ್ದರೆಂಬುದನ್ನು ಮರೆಯಬಾರದು. ಶರಾವತಿಯ ಲಿಂಗನಮಕ್ಕಿ ಜಲಾಶಯಕ್ಕಾಗಿ 1960ರ ದಶಕದಲ್ಲಿ ಊರು ಬಿಟ್ಟವರಲ್ಲಿ ಅನೇಕ ಕುಟುಂಬಗಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿವೆ. ಅವರು ಬಿಟ್ಟುಕೊಟ್ಟ ನೆಲದ ಬೆಳಕಿನಲ್ಲಿ ನಾವೆಲ್ಲ ಓದಿದ್ದೇವೆ, ಓದಿಸಿದ್ದೇವೆ.

1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಕಾಲಕ್ರಮದಲ್ಲಿ ಬಡವರ ಮನೆಗೆ ಒಂದು ದೀಪ ಕೊಟ್ಟ ಭಾಗ್ಯಜ್ಯೋತಿ ಬಂತು, ರೈತರ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಬಂತು. ಇದರ ಹೊರೆಯ ಒಂದು ಪಾಲನ್ನು ಸರ್ಕಾರ ಹೊತ್ತರೆ, ಮತ್ತೊಂದು ಪಾಲನ್ನು ಹೆಚ್ಚಿನ ದರ ತೆರುವ ಕಾರ್ಖಾನೆ, ಕಚೇರಿಗಳು ಹೊತ್ತವು. ಉಳ್ಳವರ ಬಿಲ್ಲು ಇಲ್ಲದವರ ದೀಪವನ್ನು ಸ್ವಲ್ಪಮಟ್ಟಿಗೆ ಉರಿಸುತ್ತಿತ್ತು. ಸಾರ್ವಜನಿಕ ಸೇವೆಯೆಂದರೆ ನನ್ನ ತಿಳುವಳಿಕೆಯಲ್ಲಿ ಇದೇ.

ಈಗ ದೊಡ್ಡ ಗ್ರಾಹಕರು ಸೌರ, ಪವನ ವಿದ್ಯುತ್ತನ್ನು ಉತ್ಪಾದಕರಿಂದಲೇ ನೇರವಾಗಿ ಕೊಳ್ಳಬಹುದು. ಪೂರ್ಣ ನವೀಕರಿಸಬಹುದಾದ ವಿದ್ಯುತ್ತನ್ನೇ ಬಳಸುವೆವೆಂಬ ‘ಆರ್‌ಇ 100’ ಪ್ರತಿಜ್ಞೆಯನ್ನು ಭಾರತದಲ್ಲಿ ಮೊದಲು ಕೈಗೊಂಡದ್ದು ನಮ್ಮ ಇನ್ಫೋಸಿಸ್, 2015ರಲ್ಲಿ. ಇದು ಮೆಚ್ಚತಕ್ಕದ್ದೇ. ಆದರೆ ಹೆಚ್ಚು ತೆರುವವರು ಒಬ್ಬೊಬ್ಬರಾಗಿ ಪಂಕ್ತಿಯಿಂದ ಎದ್ದುಹೋದರೆ ಉಳಿದವರ ಎಲೆಗೆ ಬಡಿಸುವವರು ಯಾರು? ಇಂತಹ ಖರೀದಿಯ ಮೇಲೆ ಸರ್ಚಾರ್ಜ್ ಇರುವುದು ಈ ಕಾರಣಕ್ಕೇ. ಸೌರಶಕ್ತಿಯ ಪ್ರೋತ್ಸಾಹಕ್ಕಾಗಿ ಕೆಲವು ವರ್ಷ ಅದಕ್ಕೆ ವಿನಾಯಿತಿಯನ್ನೂ ಕೊಡಲಾಗಿತ್ತು. ರಾತ್ರಿ ಆ ಕಚೇರಿಗಳ ದೀಪ ಉರಿಯುವುದು ಎಲ್ಲರ ತಂತಿಯಿಂದಲೇ; ಅದರಲ್ಲಿ ಶರಾವತಿಯ ನೀರೂ ಇದೆ, ರಾಯಚೂರಿನ ಕಲ್ಲಿದ್ದಲೂ ಇದೆ.

ಬರದ ನಾಡೆನಿಸಿದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಉದ್ಯಾನ ಎದ್ದಿದೆ. ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಯಿಂದ ಆರಂಭಿಸಿದ್ದು ಶ್ಲಾಘನೀಯ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಹಣವಿಲ್ಲ.

ನಮ್ಮ ಬೀದಿಗಳಲ್ಲಿಯೂ ಪ್ರಶ್ನೆ ಅದೇ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಚಾವಣಿಯ ಸೌರಫಲಕಕ್ಕೆ 78,000 ರೂಪಾಯಿಯವರೆಗೆ ಸಹಾಯಧನವುಂಟು. ಜೋಗುಪಾಳ್ಯದ ಗೋಡೆಗೆ ಗೋಡೆ ತಾಗಿದ ಮನೆಗಳ ಬಾಡಿಗೆದಾರನಿಗೆ ಚಾವಣಿ ಎಲ್ಲಿದೆ? ಅವನ ಕೈಗೆ ಎಟುಕಿದ್ದು 200 ಯೂನಿಟ್‌ವರೆಗೆ ಉಚಿತ ಕೊಡುವ 2023ರ ಗೃಹಜ್ಯೋತಿ. ಅದೂ ಸಾರ್ವಜನಿಕ ತಂತಿಯ ಮೂಲಕವೇ.

ಸೂರ್ಯ ಎಲ್ಲರ ಮೇಲೂ ಸಮನಾಗಿ ಬೆಳಗುತ್ತಾನೆ. ಬೆಳಕನ್ನು ಹಂಚುವ ತಂತಿಯನ್ನು ಮಾತ್ರ ಮನುಷ್ಯನೇ ಎಳೆಯಬೇಕು. ಆ ತಂತಿಗೆ ತಮ್ಮ ಪಾಲು ಸಲ್ಲಿಸಿ ಹಸಿರಾಗುವ ಕಂಪನಿಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹುದ್ದೆಯಲ್ಲಿರುವ ನನ್ನ ವಿದ್ಯಾರ್ಥಿಗಳು ಮುಂದಿನ ಸಭೆಯಲ್ಲಿ ಇಷ್ಟನ್ನು ಕೇಳಿದರೆ ಸಾಕು: ನಾವು ಉಳಿಸಿದ ಹಣದಲ್ಲಿ ಊರಿನ ಪಾಲು ಎಷ್ಟು?