ಚುಕ್ಕೆಯ ಮುಂದೆ ಕೂತು ಟೇಬಲ್ ಆಳಿದ ಕಾಲ

ಕಪ್ಪು ಪರದೆ, ಅದರ ಮೇಲೆ ಒಂದೇ ಒಂದು ಚುಕ್ಕೆ, ಪಕ್ಕದಲ್ಲಿ ಮಿಣುಕುವ ಕರ್ಸರ್. ಮೌಸ್ ಇಲ್ಲ, ಬಟನ್ ಇಲ್ಲ, ಏನು ಮಾಡಬೇಕು ಅಂತ ಹೇಳುವವರೂ ಇಲ್ಲ. 1990ರ ಆಸುಪಾಸಿನಲ್ಲಿ ಕಂಪ್ಯೂಟರ್ ಕಲಿತ ಯಾರನ್ನಾದರೂ ಕೇಳಿ ನೋಡಿ, 'ಡಾಟ್ ಪ್ರಾಂಪ್ಟ್' ಅಂದ ತಕ್ಷಣ ಅವರಿಗೆ ಹಳೇ ಶಾಲೆಯ ಹೆಸರು ಕೇಳಿದಷ್ಟು ಖುಷಿಯಾಗುತ್ತದೆ.

ಆ ಖುಷಿ ನನ್ನ ಪಾಲಿಗಿರಲಿಲ್ಲ. ನಾನು ಇಂಜಿನಿಯರಿಂಗ್ ಸೇರುವ ಹೊತ್ತಿಗೆ ಡಾಟ್ ಪ್ರಾಂಪ್ಟ್ ಮ್ಯೂಸಿಯಂ ಸೇರಿಯಾಗಿತ್ತು. ಆದರೆ ದಿನಾ ಆಫೀಸಿನಲ್ಲಿ ನಾನು ಮಾಡುವುದೂ ಹೆಚ್ಚೂಕಮ್ಮಿ ಅದನ್ನೇ. ಕಪ್ಪು ಪರದೆ, ಪಿಎಸ್‌ಕ್ಯೂಎಲ್, ಒಂದು ಕಮ್ಯಾಂಡ್, ಎಂಟರ್. ಹಾಗಾಗಿ ಈ ಕಮ್ಯಾಂಡ್ ಲೈನಿನಿಂದ ಟೇಬಲ್ ನಡೆಸುವ ವಿದ್ಯೆ ನಮ್ಮ ರಾಜಾಜಿನಗರ, ವಿಜಯನಗರದ ಕಡೆಗೆ ಹೇಗೆ ಬಂತು, ಅದಕ್ಕೂ ಕನ್ನಡಕ್ಕೂ ಏನಾಯಿತು ಅಂತ ಸ್ವಲ್ಪ ಕೆದಕಿ ನೋಡಿದೆ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದು ಇದು.

ಕತೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ. ಅಲ್ಲಿನ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ವೇಯ್ನ್ ರ‍್ಯಾಟ್‌ಲಿಫ್ ಅಂತ ಒಬ್ಬ ಪ್ರೋಗ್ರಾಮರ್ ಇದ್ದ. ಆಫೀಸಿನವರೆಲ್ಲ ಸೇರಿ ಕಟ್ಟುತ್ತಿದ್ದ ಫುಟ್‌ಬಾಲ್ ಪಣದಲ್ಲಿ ಗೆಲ್ಲಲು ತಂಡಗಳ ಅಂಕಿ-ಅಂಶ ಇಟ್ಟುಕೊಳ್ಳಬೇಕಿತ್ತು. ಲ್ಯಾಬಿನ ದೊಡ್ಡ ಯಂತ್ರದಲ್ಲಿ ಜೆಪಿಎಲ್‌ಡಿಐಎಸ್ ಎಂಬ ಡೇಟಾಬೇಸ್ ಪ್ರೋಗ್ರಾಂ ಇತ್ತು. ಅದನ್ನು ಮಾದರಿಯಾಗಿಟ್ಟುಕೊಂಡು ತನ್ನ ಮನೆಯ ಪುಟ್ಟ ಕಂಪ್ಯೂಟರಿಗೆ ಅಸೆಂಬ್ಲಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದ. 'ಸ್ಟಾರ್ ಟ್ರೆಕ್'ನ ಸ್ಪಾಕ್‌ನ ನೆನಪಿಗೆ ಅದಕ್ಕೆ ವಲ್ಕನ್ ಅಂತ ಹೆಸರಿಟ್ಟ. ಆಮೇಲೆ ಜಾರ್ಜ್ ಟೇಟ್ ಮತ್ತು ಹಾಲ್ ಲ್ಯಾಶ್ಲಿ ಅದನ್ನು ಮಾರಲು ಒಪ್ಪಿಕೊಂಡಾಗ ಡಿಬೇಸ್-2 ಎಂಬ ಹೆಸರು ಬಂತು. ಡಿಬೇಸ್-1 ಇರಲೇ ಇಲ್ಲ! 2 ಅಂದರೆ ಹಿಂದಿನದಕ್ಕಿಂತ ಸುಧಾರಿಸಿದ್ದು ಅಂತ ಜನ ನಂಬುತ್ತಾರಲ್ಲ, ಅದಕ್ಕೆ. ಕಂಪನಿಯ ಹೆಸರು ಆಷ್ಟನ್-ಟೇಟ್. ಆಷ್ಟನ್ ಅನ್ನುವವನೂ ಇರಲಿಲ್ಲ :) ವ್ಯಾಪಾರ ಅಂದರೆ ಹೀಗಿರಬೇಕು.

1984ರಲ್ಲಿ ಐಬಿಎಂ ಪಿಸಿಗಾಗಿ ಡಿಬೇಸ್-3, ಅದರ ಬೆನ್ನಿಗೇ ಡಿಬೇಸ್-3 ಪ್ಲಸ್ ಬಂತು. ನಮ್ಮಲ್ಲಿಗೆ ಬಂದದ್ದು ಮುಖ್ಯವಾಗಿ ಈ ಪ್ಲಸ್. ನಮ್ಮ ದೊಡ್ಡಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಲೇಥ್ ವರ್ಕ್‌ಶಾಪಿನ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅವರು ಹೇಳುವ ಪ್ರಕಾರ ನವರಂಗ್ ಟಾಕೀಸಿನಿಂದ ವಿಜಯನಗರದ ಮಾರುತಿ ಮಂದಿರದವರೆಗೆ ಎಷ್ಟೋ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ಆ ವರ್ಷಗಳಲ್ಲಿ ಅರ್ಧ ಕೋಣೆಯನ್ನು ಪ್ಲೈವುಡ್‌ನಿಂದ ಬೇರೆ ಮಾಡಿ, ಒಂದು ಏಸಿ ಹಾಕಿಸಿ, ಚಪ್ಪಲಿ ಹೊರಗೆ ಬಿಡಿ ಅಂತ ಬೋರ್ಡ್ ತಗುಲಿಸಿ ಕಂಪ್ಯೂಟರ್ ಸೆಂಟರ್ ಆದವು. ಆರು ತಿಂಗಳ ಕೋರ್ಸು, ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್. ಕೆಲಸ ಮುಗಿಸಿ ಸಂಜೆ ಬ್ಯಾಚಿಗೆ ಹೋಗುತ್ತಿದ್ದರಂತೆ. ಬಿಕಾಂ ಓದಿದ ಗುಮಾಸ್ತರು, ಪಿಯುಸಿ ಮುಗಿಸಿದ ಹುಡುಗಿಯರು, ಅಂಗಡಿ ಲೆಕ್ಕ ಬರೆಯುವವರು, ಎಲ್ಲರೂ ಆ ಚುಕ್ಕೆಯ ಮುಂದೆ.

ಈ ಚುಕ್ಕೆ ಅಷ್ಟು ಬೇಗ ಅವರ ಕೈಗೆ ಹತ್ತಿದ್ದು ಹೇಗೆ ಅಂತ ನನಗೆ ಕುತೂಹಲವಿತ್ತು. ಕಾರಣ ಆ ಭಾಷೆಯಲ್ಲೇ ಇದೆ ಅನ್ನಿಸುತ್ತದೆ. 'ಯೂಸ್ ಸ್ಟೋರ್ಸ್' ಅಂದರೆ ಸ್ಟೋರ್ಸ್ ಫೈಲ್ ತೆರೆಯಿತು. 'ಲಿಸ್ಟ್' ಅಂದರೆ ಪಟ್ಟಿ. 'ಅಪೆಂಡ್' ಅಂದರೆ ಹೊಸ ಸಾಲು. 'ಸಮ್' ಅಂದರೆ ಮೊತ್ತ. ಅಷ್ಟೂ ಟೈಪ್ ಮಾಡಬೇಕಿಲ್ಲ, ಯಾವುದೇ ಕಮ್ಯಾಂಡಿನ ಮೊದಲ ನಾಲ್ಕಕ್ಷರ ಸಾಕು. 'ಡಿಸ್‌ಪ್ಲೇ ಸ್ಟ್ರಕ್ಚರ್' ಅನ್ನಲು 'ಡಿಸ್ಪ್ ಸ್ಟ್ರು'. ನಾನು ಒಂದು ಉದ್ದನೆಯ ಎಸ್‌ಕ್ಯೂಎಲ್ ಬರೆಯುವುದನ್ನು ಹಿಂದಿನಿಂದ ನೋಡಿ ದೊಡ್ಡಪ್ಪ ಹೇಳಿದ್ದು: "ಇಷ್ಟೊಂದು ಯಾಕೋ ಕುಟ್ತೀಯಾ, ನಾವು ನಾಲ್ಕಕ್ಷರದಲ್ಲಿ ಮುಗಿಸ್ತಿದ್ವಿ ಕಣೋ."

ಇನ್ನೊಂದು ವಿಷಯ ಅದಕ್ಕಿಂತ ದೊಡ್ಡದು. ಡಿಬೇಸ್‌ನಲ್ಲಿ 'ಈಗ ನಿಂತಿರುವ ಸಾಲು' ಅಂತ ಒಂದಿರುತ್ತದೆ, ಲೆಡ್ಜರ್ ಮೇಲೆ ಬೆರಳಿಟ್ಟ ಹಾಗೆ. ಬರೀ 'ಡಿಲೀಟ್' ಅಂದರೆ ಆ ಒಂದು ಸಾಲಿಗೆ ಮಾತ್ರ ಅನ್ವಯ. ಎಸ್‌ಕ್ಯೂಎಲ್‌ನಲ್ಲಿ ಷರತ್ತು ಹಾಕದೆ ಡಿಲೀಟ್ ಕೊಟ್ಟು ನೋಡಿ, ಇಡೀ ಟೇಬಲ್ ಖಾಲಿ. (ಮೈಎಸ್‌ಕ್ಯೂಎಲ್‌ನವರು ಇದಕ್ಕೆಂದೇ ಒಂದು ರಕ್ಷಣೆಯ ಆಯ್ಕೆ ಇಟ್ಟಿದ್ದಾರೆ, ಅದರ ಅಡ್ಡಹೆಸರು 'ಐ-ಆಮ್-ಎ-ಡಮ್ಮಿ'!) ಡಿಬೇಸ್‌ನಲ್ಲಿ ಆ ಒಂದು ಸಾಲೂ ನಿಜವಾಗಿ ಹೋಗುವುದಿಲ್ಲ. ಪ್ರತಿ ಸಾಲಿನ ಶುರುವಿನಲ್ಲಿ ಒಂದು ಬೈಟ್ ಜಾಗವಿದೆ. ಅಲ್ಲಿ ಸಾಮಾನ್ಯವಾಗಿ ಖಾಲಿ ಸ್ಪೇಸ್. ಡಿಲೀಟ್ ಅಂದರೆ ಆ ಜಾಗಕ್ಕೆ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೆ. ಹಳೇ ಖಾತೆ ಪುಸ್ತಕದಲ್ಲಿ ಗುಮಾಸ್ತರು ಕೆಂಪು ಇಂಕಿನಲ್ಲಿ ಗೀಟು ಎಳೆಯುತ್ತಿದ್ದರಲ್ಲ, ಹಾಗೆ. ಗೀಟಿನ ಕೆಳಗಿನ ಅಕ್ಷರ ಓದಲು ಬರುತ್ತದೆ. 'ರೀಕಾಲ್' ಅಂದರೆ ನಕ್ಷತ್ರ ಅಳಿಸಿ ಸಾಲು ವಾಪಸ್. ನಿಜಕ್ಕೂ ತೆಗೆಯಬೇಕಾದರೆ 'ಪ್ಯಾಕ್' ಅಂತ ಬೇರೆಯಾಗಿ ಹೇಳಬೇಕು. ಈ ನಕ್ಷತ್ರದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪನಿಗಳ ಜಗಳದ ಕತೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಫಾಕ್ಸ್ ಸಾಫ್ಟ್‌ವೇರ್ ಅದೇ ಭಾಷೆಯಲ್ಲಿ ಇನ್ನೂ ವೇಗದ ಫಾಕ್ಸ್‌ಬೇಸ್, ಫಾಕ್ಸ್‌ಪ್ರೊ ತಂದಿತು. 1988ರಲ್ಲಿ ಆಷ್ಟನ್-ಟೇಟ್ ಕೇಸು ಹಾಕಿತು. 1990ರ ಡಿಸೆಂಬರಿನಲ್ಲಿ ನ್ಯಾಯಾಧೀಶರು, ನಿಮ್ಮದೇ ಪ್ರೋಗ್ರಾಂ ಜೆಪಿಎಲ್‌ಡಿಐಎಸ್‌ನಿಂದ ಬಂದದ್ದನ್ನು ಹೇಳದೆ ಕಾಪಿರೈಟ್ ಪಡೆದಿದ್ದೀರಿ ಅಂತ ಆ ಕಾಪಿರೈಟನ್ನೇ ರದ್ದು ಮಾಡಿದರು. ಕೆಲವೇ ತಿಂಗಳಲ್ಲಿ ಆ ಆದೇಶವನ್ನು ತಾವೇ ಹಿಂತೆಗೆದುಕೊಂಡರು ಅನ್ನುವುದು ಬೇರೆ ಮಾತು. 1991ರಲ್ಲಿ ಆಷ್ಟನ್-ಟೇಟ್ ಬೋರ್ಲೆಂಡ್ ಪಾಲಾಯಿತು, 1992ರಲ್ಲಿ ಫಾಕ್ಸ್ ಮೈಕ್ರೋಸಾಫ್ಟ್ ಪಾಲಾಯಿತು. 2007ರಲ್ಲಿ ಮೈಕ್ರೋಸಾಫ್ಟ್ ಫಾಕ್ಸ್‌ಪ್ರೊದ ಹೊಸ ಆವೃತ್ತಿ ಇನ್ನಿಲ್ಲ ಅಂತ ಹೇಳಿತು. ಯಜಮಾನರೆಲ್ಲ ಹೋದರೂ ಡಿಬಿಎಫ್ ಫೈಲ್ ಮಾತ್ರ ಉಳಿಯಿತು. ಇವತ್ತಿಗೂ ನಕಾಶೆಗಳ ಶೇಪ್‌ಫೈಲ್ ಜೊತೆಗೆ ಬರುವ ಟೇಬಲ್ ಅದೇ ಡಿಬಿಎಫ್.

ಇನ್ನು ಕನ್ನಡ. ಆ ಚುಕ್ಕೆಯ ಮುಂದೆ ಕನ್ನಡ ಬರುತ್ತಿತ್ತೇ? ಬರುತ್ತಿತ್ತು! ಐಐಟಿ ಕಾನ್ಪುರದಲ್ಲಿ ಶುರುವಾಗಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಅನ್ನುವ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಡಿಬೇಸ್, ವರ್ಡ್‌ಸ್ಟಾರ್ ಎಲ್ಲದರಲ್ಲೂ ಭಾರತೀಯ ಲಿಪಿ ಮೂಡುತ್ತಿತ್ತು. ಇದರ ಹಿಂದಿದ್ದದ್ದು ಇಸ್ಕಿ ಎಂಬ ಕೋಡ್. 1988ರಲ್ಲಿ ಪರಿಷ್ಕರಣೆಯಾಗಿ, 1991ರಲ್ಲಿ ಭಾರತೀಯ ಮಾನಕವೂ ಆಯಿತು. ಅದರ ಜಾಣತನ ಏನೆಂದರೆ ಫೈಲಿನಲ್ಲಿ ಇಡುವುದು ಅಕ್ಷರವನ್ನು, ಅದರ ಚಿತ್ರವನ್ನಲ್ಲ. 'ಕನ್ನಡ' ಅಂದರೆ ಕ, ನ, ಹಲಂತ, ನ, ಡ. ಐದು ಬೈಟ್. ಒತ್ತು ಎಲ್ಲಿ ಬರಬೇಕು, ಹೇಗೆ ಕಾಣಬೇಕು ಅನ್ನುವುದು ಕಾರ್ಡಿನ ತಲೆನೋವು. ಡಿಬೇಸ್‌ಗೆ ಕನ್ನಡ ಅಂತ ಒಂದು ಭಾಷೆ ಇದೆ ಅಂತಲೇ ಗೊತ್ತಿಲ್ಲ, ಆದರೂ 'ಇಂಡೆಕ್ಸ್' ಅಂದರೆ ಹೆಸರುಗಳು ಬಹುತೇಕ ನಮ್ಮ ಅಕ್ಷರಮಾಲೆಯ ಕ್ರಮದಲ್ಲೇ ಕೂರುತ್ತಿದ್ದವು, ಯಾಕೆಂದರೆ ಕೋಡಿನ ಸಂಖ್ಯೆಗಳನ್ನು ಅ ಆ ಇ ಈ ಕ್ರಮದಲ್ಲೇ ಕೊಟ್ಟಿದ್ದರು.

ತೊಂದರೆ ಅಂದರೆ ಕಾರ್ಡಿಗೆ ಬೇರೆ ದುಡ್ಡು. ಆಮೇಲೆ ವಿಂಡೋಸ್ ಬಂತು, ಚಂದದ ಫಾಂಟ್‌ಗಳು ಬಂದವು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ', ನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವೆರಡೂ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಮನೆಗಳಿಗೆ ಹೋಗುತ್ತಲೇ ಇರಲಿಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆಗಿನ ಫಾಂಟ್ ಕೋಡಿನಲ್ಲಿ ಫೈಲಿಗೆ ಹೋಗುತ್ತಿದ್ದದ್ದು ಅಕ್ಷರದ ಚೂರುಗಳು. 'ಕ' ಬೇರೆ ಸಂಖ್ಯೆ, 'ಕಿ' ಬೇರೆ ಸಂಖ್ಯೆ. 'ಧರ್ಮಪ್ಪ' ಅಂತ ಬರೆದರೆ ಮೊದಲು ಧ, ಆಮೇಲೆ ಮ, ಅದರ ನಂತರ ಅರ್ಕಾವೊತ್ತು, ಕಣ್ಣಿಗೆ ಕಂಡ ಹಾಗೆ. ಓದುವವರಿಗೆ ಸರಿ, ಅಚ್ಚಿಗೂ ಸರಿ. ಟೇಬಲ್‌ನಲ್ಲಿ 'ಧರ್' ಅಂತ ಶುರುವಾಗುವ ಹೆಸರು ಹುಡುಕಿದರೆ ಮಾತ್ರ ಧರ್ಮಪ್ಪ ಸಿಗುವುದಿಲ್ಲ. ಅಕಾರಾದಿ ಜೋಡಿಸಲು ಪ್ರತ್ಯೇಕ ತಂತ್ರಾಂಶ ಬೇಕು. ಜೊತೆಗೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳು. ಡಾಸ್ ಕಾಲದಲ್ಲಿ ಇದ್ದ ಸೌಕರ್ಯವನ್ನು ವಿಂಡೋಸ್ ಕಾಲದಲ್ಲಿ ಕಳೆದುಕೊಂಡೆವು ಅನ್ನುವುದು ನನ್ನ ಲೆಕ್ಕ.

ಅದು ವಾಪಸ್ ಬಂದದ್ದು ಯೂನಿಕೋಡ್ ಜೊತೆ. ಯೂನಿಕೋಡ್‌ನ ಕನ್ನಡ ವಿಭಾಗ ರೂಪಿಸಿದ್ದು ಅದೇ 1988ರ ಇಸ್ಕಿಯ ಆಧಾರದ ಮೇಲೆ. ಅಂದರೆ ಜಿಸ್ಟ್ ಕಾರ್ಡಿನ ಅಕ್ಷರಗಳ ಸಾಲು ಇವತ್ತು ನಿಮ್ಮ ಮೊಬೈಲಿನಲ್ಲೂ ಇದೆ! ಆದರೆ ಡೇಟಾಬೇಸ್‌ಗಳು ದಾರಿಗೆ ಬರಲು ಸಮಯ ಹಿಡಿಯಿತು. ಮೈಎಸ್‌ಕ್ಯೂಎಲ್‌ಗೆ ಯುಟಿಎಫ್-8 ಬಂದದ್ದು 4.1ನೇ ಆವೃತ್ತಿಯಲ್ಲಿ, 2004ರ ಹೊತ್ತಿಗೆ. ಆಮೇಲೂ 2018ರ 8.0 ಆವೃತ್ತಿಯವರೆಗೆ, ನೀವಾಗಿ ಹೇಳದಿದ್ದರೆ ಅದು ಲ್ಯಾಟಿನ್ ಅಂತಲೇ ಭಾವಿಸುತ್ತಿತ್ತು, ಜೋಡಿಸುವುದು ಸ್ವೀಡಿಷ್ ಭಾಷೆಯ ನಿಯಮದಂತೆ! ಕಂಪನಿ ಸ್ವೀಡನ್ನಿನದು, ತಪ್ಪೇನಿಲ್ಲ. ಆದರೆ ಲ್ಯಾಟಿನ್ ಟೇಬಲ್‌ಗೆ ಕನ್ನಡ ತುಂಬಲು ಹೋದವರಿಗೆ ಸಿಕ್ಕಿದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ನಕ್ಷತ್ರ ಬಿದ್ದ ಸಾಲು ವಾಪಸ್ ಬರುತ್ತದೆ, ಪ್ರಶ್ನೆಯಾದ ಅಕ್ಷರ ವಾಪಸ್ ಬರುವುದಿಲ್ಲ.

ಹೆಸರು ಸಿಗುವುದು, ಸಿಗದಿರುವುದು ದೊಡ್ಡ ವಿಷಯವಾ ಅಂತ ಕೇಳಬಹುದು. ಕರ್ನಾಟಕದಲ್ಲಿ 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದಾಗ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ವಿವರಗಳು ಕೈಬರಹದ ಪುಸ್ತಕದಿಂದ ಟೇಬಲ್‌ಗೆ ಹೋದವು. ಆಗ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಹೋದ ಮೇಲೆ ಟೇಬಲ್‌ನಲ್ಲಿ ಇದ್ದದ್ದೇ ಹೆಸರು. (ಪಹಣಿಯ ಲೆಕ್ಕವೂ ಮಜವಾಗಿದೆ. ಎಕರೆಗೆ 40 ಗುಂಟೆ. 2 ಎಕರೆ 20 ಗುಂಟೆಗೆ 1 ಎಕರೆ 30 ಗುಂಟೆ ಕೂಡಿಸಿದರೆ 4 ಎಕರೆ 10 ಗುಂಟೆ. ದಶಮಾಂಶದ ಕಾಲಂನಲ್ಲಿ 2.20, 1.30 ಅಂತ ತುಂಬಿ 'ಸಮ್' ಅಂದರೆ 3.50 ಬರುತ್ತದೆ, 30 ಗುಂಟೆ ಮಾಯ!)

ನನಗೆ ಇದು ಹತ್ತಿರದಿಂದ ಕಂಡದ್ದು ಇನ್ನೂ ಚಿಕ್ಕ ಟೇಬಲ್‌ನಲ್ಲಿ. ಬಸವೇಶ್ವರನಗರದ ಕಡೆಯ ಒಂದು ಸಹಕಾರ ಸಂಘದವರು ಹಳೇ ಸದಸ್ಯರ ಪಟ್ಟಿಗಳನ್ನೆಲ್ಲ ಒಂದು ಮಾಡಿಕೊಡಿ ಅಂತ ದೊಡ್ಡಪ್ಪನ ಮೂಲಕ ಕೇಳಿದರು. ಎರಡು ಫೈಲ್. ಒಂದು 1992ರಲ್ಲಿ ಶುರುವಾದ ಡಿಬಿಎಫ್, ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಜಿಸ್ಟ್ ಕಾರ್ಡಿಗೆ ದುಡ್ಡಿರಲಿಲ್ಲವಂತೆ. ಇನ್ನೊಂದು 2001ರ ನಂತರದ್ದು, ಫಾಂಟ್ ಕೋಡಿನ ಕನ್ನಡದಲ್ಲಿ. ಹಳೆಯದು ಒಂದು ಕಮ್ಯಾಂಡಿಗೆ ಪಿಎಸ್‌ಕ್ಯೂಎಲ್ ಒಳಗೆ ಬಂದು ಕೂತಿತು. ಹೊಸದನ್ನು ಪರಿವರ್ತಕಕ್ಕೆ ಹಾಕಿ, ಒಂದೊಂದೇ ಅರ್ಕಾವೊತ್ತು ಸರಿಮಾಡುತ್ತಾ ಎರಡು ಶನಿವಾರ ಹೋಯಿತು.

ಹಳೆಯದರಲ್ಲಿ ಒಂದು ವಿಚಿತ್ರ ಕಂಡಿತು. ಡಿಬಿಎಫ್ ಫೈಲಿನ ತಲೆಭಾಗದಲ್ಲಿ ಒಟ್ಟು ಎಷ್ಟು ಸಾಲು ಅಂತ ಬರೆದಿರುತ್ತದೆ. ನನ್ನ ಟೇಬಲ್‌ಗೆ ಬಂದ ಸಾಲುಗಳು ಅದಕ್ಕಿಂತ 11 ಕಡಿಮೆ. ಹೆಕ್ಸ್‌ಡಂಪ್ ಹಾಕಿ ನೋಡಿದರೆ 11 ಕಡೆ ಸ್ಪೇಸ್ ಇರಬೇಕಾದಲ್ಲಿ ನಕ್ಷತ್ರ. ಯಾರೋ ಡಿಲೀಟ್ ಮಾಡಿದ್ದರು, ಯಾರೂ ಪ್ಯಾಕ್ ಮಾಡಿರಲಿಲ್ಲ. ಆ ಹನ್ನೊಂದನ್ನು ಬೇರೆಯಾಗಿ ಪ್ರಿಂಟ್ ತೆಗೆದು ಕೊಟ್ಟೆ.

ದೊಡ್ಡಪ್ಪ ಅದರಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. ಅವರ ಬೀದಿಯ ಒಬ್ಬ ಅಜ್ಜಿಯ ಯಜಮಾನರದ್ದು. ಅವರು ತೀರಿಕೊಂಡ ಮೇಲೆ ಅಜ್ಜಿ ಷೇರು ಹಣ ಕೇಳಲು ಹೋದಾಗ, ರಸೀದಿ ಇಲ್ಲ, ಅಂಥ ಸದಸ್ಯರೂ ನಮ್ಮಲ್ಲಿ ಇರಲಿಲ್ಲ ಅಂತ ಸಂಘದವರು ವಾಪಸ್ ಕಳಿಸಿದ್ದರಂತೆ. ಅಳಿಸಿದ ಸಾಲಿನಲ್ಲಿ ಸದಸ್ಯತ್ವದ ಸಂಖ್ಯೆ, ಷೇರು ಮೊತ್ತ, ಸೇರಿದ ತಾರೀಕು ಎಂಟೂ ಅಂಕಿಯಲ್ಲಿ. ಆ ಸಂಖ್ಯೆ ಹಿಡಿದು ಹಳೇ ನಡಾವಳಿ ಪುಸ್ತಕ ತೆಗೆಸಿದಾಗ ಪುಟ ಸಿಕ್ಕಿತು. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಅಜ್ಜಿಯನ್ನು ವಾರಸುದಾರರೆಂದು ಬರೆದುಕೊಂಡರು. ಉಳಿದ ಹತ್ತರಲ್ಲಿ ಏಳು ಜನ ಹಣ ವಾಪಸ್ ಪಡೆದು ಬಿಟ್ಟವರು, ರಸೀದಿ ಇದೆ. ಮೂರರ ವಿಚಾರ ಇನ್ನೂ ನಡೆಯುತ್ತಿದೆ.

ಪೂರ್ತಿ ಪಟ್ಟಿಯನ್ನು ಕನ್ನಡದಲ್ಲೇ ಜೋಡಿಸಿ ಕೊಟ್ಟಿದ್ದೇನೆ. ಪೋಸ್ಟ್‌ಗ್ರೆಸ್‌ನಲ್ಲಿ 'ಸಿ' ಕ್ರಮ ಅಂತ ಹೇಳಿದರೆ ಅದು ಬೈಟ್ ನೋಡಿ ಜೋಡಿಸುತ್ತದೆ, ಥೇಟ್ ಡಿಬೇಸ್ ಹಾಗೆ. ಧನಂಜಯ, ಧರಣೇಂದ್ರ, ಧರ್ಮಪ್ಪ... ಸಂಘದ ನೋಟೀಸ್ ಬೋರ್ಡಿನ ಮೇಲೆ ಅದೇ ಕ್ರಮದಲ್ಲಿ ಅಂಟಿಸಿದ್ದಾರೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು, ಯಾರನ್ನೂ ಕೇಳದೆ ತಾವೇ ಹೆಸರು ಹುಡುಕಿಕೊಂಡು ಹೋದರಂತೆ.