ಬಾವಿಯ ಮೀನು, ಹಿತ್ತಿಲ ಕೊಳ: ದಕ್ಷಿಣ ಬೆಂಗಳೂರಿನ ಮನೆನೀರಿನ ಇತಿಹಾಸದ ಒಂದು ಮಗ್ಗುಲು

ಕನ್ನಡ ನಾಡಿನಲ್ಲಿ ಮೀನಿಗೆ ಮೇವಿಕ್ಕಿ ಪೋಷಿಸುವ ಕ್ರಮದ ಲಿಖಿತ ದಾಖಲೆ ಹನ್ನೆರಡನೆಯ ಶತಮಾನದಷ್ಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನುಗಳ ಜಾತಿಭೇದ, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ವಿಧಾನ ಇವೆಲ್ಲ ನಿರೂಪಿತವಾಗಿವೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಬರೆದು ವಿದ್ವಾಂಸರ ಗಮನ ಸೆಳೆದರು. ಆದರೆ ಅದು ಅರಸನ ವಿನೋದ. ಬೆಂಗಳೂರಿನ ಗೃಹಸ್ಥನ ಹಿತ್ತಿಲ ನೀರಿಗೆ ಮೀನನ್ನು ತಂದ ಕಾರಣಗಳಲ್ಲಿ ಮುಖ್ಯವಾದುದು ವಿನೋದವಲ್ಲ, ಜ್ವರದ ಭಯ.

1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಬರುವವರೆಗೆ ಈ ಊರು ಕೆರೆ, ಕಲ್ಯಾಣಿ, ಬಾವಿಗಳನ್ನೇ ನಂಬಿತ್ತು. ಕೊಳಾಯಿ ಬಂದ ಮೇಲೂ ಬಾವಿಗಳು ಉಳಿದವು. ನೀರು ಸೇದುವುದು ಕಡಿಮೆಯಾದಂತೆ ನಿಂತ ನೀರು ಹೆಚ್ಚಿತು. ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚಿತು. ಬಾವಿ, ತೊಟ್ಟಿಗಳ ಶುದ್ಧ ನೀರಿನಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯೇ ದಕ್ಷಿಣ ಭಾರತದ ನಗರಗಳಲ್ಲಿ ಮಲೇರಿಯಾದ ಮುಖ್ಯ ವಾಹಕ. ಮೈಸೂರು ಸಂಸ್ಥಾನವು 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಂದಿಗೆ ಮಲೇರಿಯಾ ಸಂಶೋಧನೆಯನ್ನು ಕೈಗೊಂಡಿತು. ಸ್ವೀಟ್ ಮತ್ತು ರಾವ್ ಅವರು ಈ ಸೊಳ್ಳೆಯಲ್ಲಿ ಎರಡು ಪ್ರಭೇದಗಳನ್ನು ಗುರುತಿಸಿ 1937ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು ‘ಮೈಸೂರೆನ್ಸಿಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಸಂಸ್ಥಾನದ ಹೆಸರು ಶ್ರೀಗಂಧ, ರೇಷ್ಮೆಗಳೊಡನೆ ಒಂದು ಸೊಳ್ಳೆಗೂ ಅಂಟಿಕೊಂಡದ್ದು ಕುತೂಹಲಕರ.

ಗ್ಯಾಂಬೂಸಿಯ ಮೀನು ಇಟಲಿಯಿಂದ ಭಾರತಕ್ಕೆ ಬಂದದ್ದು 1928ರಲ್ಲಿ, ಡಾ. ಬಿ. ಎ. ರಾವ್ ಅವರ ಮೂಲಕ. ಅದರ ಮೂಲನೆಲೆ ಅಮೆರಿಕ. ಬೆರಳುದ್ದದ ಈ ಮೀನು ದಿನಕ್ಕೆ ನೂರಕ್ಕೂ ಹೆಚ್ಚು ಸೊಳ್ಳೆಮರಿಗಳನ್ನು ತಿನ್ನಬಲ್ಲದು. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವುದರಿಂದ ಇದಕ್ಕೆ ಹರಿಯುವ ನೀರಾಗಲಿ, ವಿಶಾಲವಾದ ಕೆರೆಯಾಗಲಿ ಬೇಕಿಲ್ಲ. ಗೆಂಡೆ, ಕಾಟ್ಲಾ, ರೋಹು ಮೊದಲಾದ ಕೆರೆಮೀನುಗಳಿಗೂ ಹಿತ್ತಿಲ ಮೀನಿಗೂ ಇರುವ ಮೂಲಭೂತ ವ್ಯತ್ಯಾಸ ಇದೇ: ದಕ್ಷಿಣ ಅಮೆರಿಕ ಮೂಲದ ಗಪ್ಪಿ, ಗ್ಯಾಂಬೂಸಿಯಗಳ ಸಂತಾನ ನಾಲ್ಕು ಅಡಿಯ ತೊಟ್ಟಿಯಲ್ಲಿಯೂ ತಾನಾಗಿಯೇ ಮುಂದುವರಿಯುತ್ತದೆ. ಕೆರೆಮೀನಿನ ಮರಿಗಳನ್ನಾದರೋ ಪ್ರತಿ ವರ್ಷ ಹೊರಗಿನಿಂದ ತಂದು ಬಿಡಬೇಕು.

ಜಯನಗರದ ಬಡಾವಣೆ 1948ರಲ್ಲಿ ಆರಂಭವಾದಾಗ ಅದರ ಸುತ್ತ ಯಡಿಯೂರು, ಬೈರಸಂದ್ರ, ಸಿದ್ದಾಪುರ ಮೊದಲಾದ ಗ್ರಾಮಗಳು, ಅವುಗಳ ಕೆರೆಗಳು ಇದ್ದವು. ಜೆ.ಪಿ. ನಗರದ ಕಡೆಗೆ ಸಾರಕ್ಕಿ, ಪುಟ್ಟೇನಹಳ್ಳಿ; ಬಿ.ಟಿ.ಎಂ. ಬಡಾವಣೆಯ ಮಗ್ಗುಲಲ್ಲಿ ಮಡಿವಾಳ. ಕಾವೇರಿ ನೀರಿನ ಮೊದಲನೆಯ ಹಂತ 1974ರಲ್ಲಿ ಪೂರ್ಣಗೊಂಡಿತು. ಕೊಳಾಯಿ ಎಲ್ಲ ವೇಳೆಯಲ್ಲಿಯೂ ಹರಿಯದ ಕಾರಣ ನೆಲದೊಳಗಿನ ಸಂಪು, ತಾರಸಿಯ ಟ್ಯಾಂಕು ಪ್ರತಿ ಮನೆಗೂ ಅನಿವಾರ್ಯವಾದವು. ಬಾವಿಗಳನ್ನು ಚಪ್ಪಡಿ ಹಾಸಿ ಮುಚ್ಚಲಾಯಿತು, ಕೆಲವನ್ನು ಕಸ ಮಣ್ಣು ತುಂಬಿ ಹೂಳಲಾಯಿತು. ಮೀನು ತೆರೆದ ನೀರನ್ನು ಬಿಟ್ಟು ತೋಟದ ಅಲಂಕಾರದ ಕೊಳಕ್ಕೆ ಸೇರಿದ್ದು ಇಂತಹ ಪರಿಸ್ಥಿತಿಯಲ್ಲಿ.

ಈ ಕೊಳದ ನಿರ್ಮಾಣದಲ್ಲಿ ಕೆರೆಯ ಅನುಭವ ಹೆಚ್ಚು ನೆರವಾಗದು. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಇಳಿದು ಕ್ಷಾರವನ್ನು ಏರಿಸುವುದರಿಂದ ತೊಟ್ಟಿಯನ್ನು ತುಂಬಿ, ಕೆಲವು ದಿನ ಬಿಟ್ಟು, ಬರಿದು ಮಾಡಿ, ಮತ್ತೆ ತುಂಬುವ ಕ್ರಮವನ್ನು ಹಲವು ಸಲ ಅನುಸರಿಸಬೇಕು. ಅವಸರಪಟ್ಟವರ ಮೀನು ಮೊದಲ ವಾರದಲ್ಲಿಯೇ ಸಾಯುತ್ತದೆ. ಕೊಳಾಯಿ ನೀರಿನ ಕ್ಲೋರಿನ್ ಮೀನಿನ ಕಿವಿರುಗಳಿಗೆ ಹಾನಿಕರ. ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಇರಿಸಿದರೆ ಅದು ಆವಿಯಾಗಿ ಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲ, ಗಡಸುತನ ಉಂಟು. ಎರಡು ಮೂರು ಅಡಿ ಆಳವಿಲ್ಲದಿದ್ದರೆ ಏಪ್ರಿಲ್ ಬಿಸಿಲಿಗೆ ನೀರು ಕಾಯುತ್ತದೆ. ಆದ್ದರಿಂದಲೇ ತಾವರೆ, ನೈದಿಲೆಗಳ ನೆರಳು ಕೇವಲ ಅಲಂಕಾರವಲ್ಲ.

ಗ್ಯಾಂಬೂಸಿಯದ ವಿಷಯದಲ್ಲಿ ವಿಜ್ಞಾನದ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಗಿದೆ. ಅದು ಸ್ಥಳೀಯ ಮೀನುಗಳ ಮೊಟ್ಟೆ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಲೋಕದ ಅತ್ಯಂತ ಹಾನಿಕರ ಆಕ್ರಮಣಕಾರಿ ಜೀವಿಗಳ ನೂರು ಹೆಸರುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದೂ ಸೇರಿದೆ. ಸೊಳ್ಳೆಮರಿಗಳನ್ನು ತಿನ್ನುವ ನಾಡಮೀನುಗಳು ಇಲ್ಲಿಯೇ ಇದ್ದರೂ ಅವುಗಳ ಕಡೆಗೆ ಲಕ್ಷ್ಯ ಹರಿದದ್ದು ಕಡಿಮೆ. ಹಾಗೆಂದು ಹಿಂದಿನವರ ಪ್ರಯತ್ನವನ್ನು ಅವಿವೇಕವೆನ್ನುವುದು ಸರಿಯಲ್ಲ, ಡಿ.ಡಿ.ಟಿ. ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಬಾವಿಯ ನೀರನ್ನು ಕೆಡಿಸದೆ ಸೊಳ್ಳೆಯನ್ನು ತಡೆಯುವ ಉಪಾಯಗಳು ಬೆರಳೆಣಿಕೆಯಷ್ಟೇ ಇದ್ದವು. ಕರ್ನಾಟಕದ ಗ್ರಾಮಗಳ ಬಾವಿಗಳಲ್ಲಿ ಮೀನು ಬಿಟ್ಟು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ವಿಧಾನದ ಉಪಯುಕ್ತತೆಯನ್ನು ಎತ್ತಿಹಿಡಿದಿದೆ. ಅಪಾಯವಿರುವುದು ಮುಚ್ಚಿದ ಹಿತ್ತಿಲ ಕೊಳದಲ್ಲಲ್ಲ, ಕೊಳದ ಮೀನು ಬೇಡವಾದಾಗ ಅದನ್ನು ಕೆರೆಗೆ ಬಿಡುವುದರಲ್ಲಿ. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯ, ಅಂದರೆ ಜಿಲೇಬಿ ಮೀನು, ಈಗ ಬೆಂಗಳೂರಿನ ಕೆರೆಗಳಲ್ಲಿ ನಾಡಮೀನಿನಂತೆಯೇ ನೆಲೆಸಿದೆ.

ಇತ್ತ ಸ್ಟೀಫೆನ್ಸಿ ಸೊಳ್ಳೆ ಬಾವಿಯನ್ನೇ ನಂಬಿ ಕೂತಿಲ್ಲ. ಮುಚ್ಚಳ ಸರಿಯಿಲ್ಲದ ತಾರಸಿಯ ಟ್ಯಾಂಕು, ಕಟ್ಟಡ ಕಟ್ಟುವೆಡೆ ಸಿಮೆಂಟಿನ ಕ್ಯೂರಿಂಗಿಗೆಂದು ನಿಲ್ಲಿಸಿದ ನೀರು ಇವೂ ಅದಕ್ಕೆ ಸಾಕು. ಸುಣ್ಣ ಬಿಡುವ ಆ ಹೊಸ ಸಿಮೆಂಟಿನ ನೀರಿನಲ್ಲಿ ಮೀನು ಬದುಕುವುದು ಕಷ್ಟ.