ಮುಳುಗಿದ ಹಡಗುಗಳೂ ನಮ್ಮ ಗುಡ್ಡದ ಮನೆಗಳೂ



ಕಳೆದ ಕ್ರಿಸ್ಮಸ್ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ನಾಲ್ವರು ಯುವಕರು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿಗೆ ತೆರಳಿ, ಸ್ಕೂಬಾ ಡೈವಿಂಗ್ ಮಾಡಿ ಬಂದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ನಳಿಕೆ ಕಚ್ಚಿಕೊಂಡು, ಹವಳದ ಬಂಡೆಗಳ ನಡುವೆ ಮೀನುಗಳೊಡನೆ ತೇಲುತ್ತಿದ್ದ ತಮ್ಮ ಚಿತ್ರಗಳನ್ನು ಭಾನುವಾರದ ಬಲಿಪೂಜೆಯ ನಂತರ ನನಗೆ ತೋರಿಸಿದರು. ಅವರಲ್ಲೊಬ್ಬ ಕೇಳಿದ: "ಫಾದರ್, ಯುದ್ಧದ ಕಾಲದಲ್ಲಿ ಮುಳುಗಿದ ಹಡಗುಗಳನ್ನು ನೋಡಲಿಕ್ಕೂ ಹೀಗೆ ಇಳಿಯುತ್ತಾರಂತೆ. ನಮ್ಮ ಕಡೆಯಲ್ಲಿ ಅಂಥವು ಉಂಟಾ?" ಆ ದಿನ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕುಮಾರಧಾರೆ, ಪಯಸ್ವಿನಿಗಳ ದಡದಲ್ಲಿ ಬೆಳೆದ ನಮಗೆ ನೀರೆಂದರೆ ಹೊಳೆ. ಕಡಲು ನಮಗೆ ಮಂಗಳೂರಿಗೆ ಹೋದಾಗ ಕಾಣುವ ವಸ್ತು. ಮುಳುಗಿದ ಹಡಗಿಗೂ ಪುತ್ತೂರು, ಸುಳ್ಯ, ಕಡಬದ ರಬ್ಬರ್ ತೋಟಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಅದನ್ನು ಹೇಳುವ ಮುನ್ನ ಆ ಸಿಲಿಂಡರಿನ ಕಥೆಯನ್ನು ಒಂದಿಷ್ಟು ತಿಳಿಯೋಣ.

ಈ ಸಾಧನವೂ ಯುದ್ಧದ ಕಾಲದ ಕೂಸೇ. 1943ರಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ, ನೌಕಾಧಿಕಾರಿ ಜಾಕ್ ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಎಂಬವರು ಇದನ್ನು ರೂಪಿಸಿದರು. ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಕಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾ ಒಂದು ಕವಾಟವನ್ನು ಸಿದ್ಧಪಡಿಸಿದ್ದರು. ಅದನ್ನೇ ಮಾರ್ಪಡಿಸಿ, ಮುಳುಗುವವನು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದುವಂತೆ ಗಾಳಿ ಒದಗುವ ವ್ಯವಸ್ಥೆ ಮಾಡಲಾಯಿತು. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಆತುರದಿಂದ ಮೇಲೆದ್ದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಅದು ಗುಳ್ಳೆಗಳಾಗಿ ಕೀಲು, ನರಗಳನ್ನು ಹಿಂಡುತ್ತದೆ, ಪ್ರಾಣವೂ ಹೋದೀತು. ಆದುದರಿಂದ ಹವ್ಯಾಸಿಗಳಿಗೆ 40 ಮೀಟರಿನ ಮಿತಿಯನ್ನು ಹಾಕಿದ್ದಾರೆ. ಅದರಾಚೆಗೆ ಇಳಿಯುವವರಿಗೆ ಬೇರೆಯೇ ತರಬೇತಿ ಬೇಕು.

ಇನ್ನು ಹಡಗುಗಳ ವಿಷಯ. 1942ರ ಏಪ್ರಿಲ್ 5 ಪುನರುತ್ಥಾನದ ಭಾನುವಾರವಾಗಿತ್ತು. ಅಂದು ಬೆಳಿಗ್ಗೆ ಜಪಾನಿನ ವಿಮಾನಗಳು ಕೊಲಂಬೊ ನಗರದ ಮೇಲೆ ಎರಗಿದವು. ಅದೇ ದಿನ ಬ್ರಿಟಿಷರ ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಎಂಬ ಎರಡು ಯುದ್ಧನೌಕೆಗಳು ಹಿಂದೂ ಮಹಾಸಾಗರದಲ್ಲಿ ಮುಳುಗಿ 424 ಮಂದಿ ಮಡಿದರು. ನಾಲ್ಕು ದಿನಗಳ ನಂತರ, ಏಪ್ರಿಲ್ 9ರಂದು, ತ್ರಿಂಕೋಮಲಿಯಿಂದ ಹೊರಟಿದ್ದ ಹರ್ಮಿಸ್ ಎಂಬ ವಿಮಾನವಾಹಕ ನೌಕೆಯು ಮಟ್ಟಕ್ಕಳಪ್ಪಿನ ಸಮೀಪ ಬಾಂಬಿನ ಸುರಿಮಳೆಗೆ ಸಿಕ್ಕಿತು. ವಿಮಾನವಾಹಕವೆಂಬ ಹೆಸರಿದ್ದರೂ ಅಂದು ಅದರ ಮೇಲೆ ಒಂದು ವಿಮಾನವೂ ಇರಲಿಲ್ಲ. 307 ಜನ ಸತ್ತರು. ವೀಟಾ ಎಂಬ ಆಸ್ಪತ್ರೆ ಹಡಗು ಹತ್ತಿರದಲ್ಲೇ ಇದ್ದುದರಿಂದ ನೂರಾರು ಮಂದಿ ಬದುಕಿಕೊಂಡರು. ಇಂದಿಗೂ ಹರ್ಮಿಸ್ ಸುಮಾರು 53 ಮೀಟರ್ ಆಳದಲ್ಲಿ ಮಲಗಿದೆ. ಬೆಚ್ಚಗಿನ ಆ ನೀರಿಗೆ ನುರಿತ ಮುಳುಗುಗಾರರು ದೇಶವಿದೇಶಗಳಿಂದ ಬಂದು ಇಳಿಯುತ್ತಾರೆ. ನಮ್ಮ ಯುವಕನ ಪ್ರಶ್ನೆಗೆ ಹತ್ತಿರದ ಉತ್ತರ ಅದು.

ಆದರೆ ಅದೇ ವಾರದಲ್ಲಿ ಬಂಗಾಳ ಕೊಲ್ಲಿಯಲ್ಲಿ ಮುಳುಗಿದ ಬೇರೆ ಹಡಗುಗಳ ಹೆಸರನ್ನು ಹೇಳುವವರು ಕಡಿಮೆ. ಅವು 20ಕ್ಕೂ ಹೆಚ್ಚಿನ ವ್ಯಾಪಾರಿ ಹಡಗುಗಳು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಬಿತ್ತು. ಮದರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು. ನಮ್ಮ ದಕ್ಷಿಣ ಕನ್ನಡವೂ ಅಂದು ಮದರಾಸು ಪ್ರಾಂತ್ಯದಲ್ಲೇ ಇತ್ತೆಂಬುದನ್ನು ನೆನಪಿಡಿ. ಅದಕ್ಕೆ ಒಂದು ತಿಂಗಳ ಮೊದಲು, ಮಾರ್ಚ್ 8ರಂದು, ರಂಗೂನು ಜಪಾನಿನ ಕೈಸೇರಿತ್ತು. ಅಲ್ಲಿಗೆ ಬರ್ಮಾದ ಅಕ್ಕಿ ನಿಂತಿತು.

ಇಲ್ಲಿ ನಮ್ಮ ಊರಿನ ಕಥೆ ಆರಂಭವಾಗುತ್ತದೆ. ತಿರುವಾಂಕೂರು ಸಂಸ್ಥಾನವು ತಾನು ಉಣ್ಣುವ ಅಕ್ಕಿಯ ದೊಡ್ಡ ಪಾಲಿಗೆ ಬರ್ಮಾವನ್ನೇ ನೆಚ್ಚಿಕೊಂಡಿತ್ತು. ಅಕ್ಕಿಯ ಹಡಗು ಬಾರದಾದಾಗ ಅಲ್ಲಿನ ಜನ ಮರಗೆಣಸಿನಿಂದ ಹೊಟ್ಟೆ ಹೊರೆದರು. ಹಸಿವಿನಿಂದಲೂ ಅದರ ಹಿಂದೆಯೇ ಬಂದ ರೋಗಗಳಿಂದಲೂ ಬಹಳ ಮಂದಿ ಸತ್ತರು. ಜಾಗ ಸಾಲದ ಕೃಷಿಕರು ಮನೆ, ಹಿತ್ತಿಲು ಮಾರಿ ಉತ್ತರಕ್ಕೆ ಹೊರಟರು. ಮೊದಲು ಮಲಬಾರಿನ ಕಾಡುಗಳಿಗೆ, ಅಲ್ಲಿಂದ ಮುಂದಿನ ವರ್ಷಗಳಲ್ಲಿ ಪಶ್ಚಿಮ ಘಟ್ಟದ ಬುಡದ ಗುಡ್ಡಗಳಿಗೆ. ಕಡಬ, ಸುಳ್ಯ, ಬೆಳ್ತಂಗಡಿಯ ಎಷ್ಟೋ ಕ್ರೈಸ್ತ ಮನೆತನಗಳ ಮೂಲವನ್ನು ಹುಡುಕುತ್ತ ಹೋದರೆ ಈ ವಲಸೆಗೆ ತಲುಪುತ್ತೇವೆ. ಮಲೇರಿಯಾ, ಕಾಡುಹಂದಿ, ಮಳೆಗಾಲದ ತುಂಬಿದ ಹೊಳೆ ಇವೆಲ್ಲವನ್ನೂ ಎದುರಿಸಿದ ಅಜ್ಜಂದಿರ ಸಾಹಸವನ್ನು ನಾವು ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗಳಲ್ಲಿ ಅಭಿಮಾನದಿಂದ ಬರೆಯುತ್ತೇವೆ. ಅವರು ಯಾಕೆ ಹೊರಟರು ಎಂಬುದನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಯುದ್ಧವೊಂದೇ ಕಾರಣವಲ್ಲ, ಹೌದು. ಯುದ್ಧಕ್ಕೆ ಮೊದಲೂ ಕೆಲವರು ಮಲಬಾರಿಗೆ ಹೋಗಿದ್ದರು, ಯುದ್ಧ ಮುಗಿದ ಮೇಲೂ ಬಹಳ ಮಂದಿ ಬಂದರು. ಆದರೆ ಆ ವರ್ಷಗಳ ಬರಿದಾದ ಅನ್ನದ ಪಾತ್ರೆಯನ್ನು ಬಿಟ್ಟು ಈ ವಲಸೆಯನ್ನು ಅರ್ಥಮಾಡಿಕೊಳ್ಳಲಾಗದು.

ಇನ್ನೊಂದು ಬಳಗವೂ ನಮ್ಮ ನಡುವೆಯೇ ಇದೆ. ಸುಳ್ಯ, ಪುತ್ತೂರುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿದ ತಮಿಳು ಕುಟುಂಬಗಳು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಸಹಿ ಹಾಕಿದ ಒಪ್ಪಂದದಂತೆ ಸಿಲೋನಿನ ತೋಟ ಕಾರ್ಮಿಕರಲ್ಲಿ 5,25,000 ಮಂದಿಯನ್ನು ಭಾರತವು ಸ್ವೀಕರಿಸಬೇಕೆಂದು ನಿಶ್ಚಯವಾಯಿತು. ಅವರನ್ನು ಯಾರೂ ಕೇಳಿರಲಿಲ್ಲ. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ದೋಣಿ ಹತ್ತಿದವರಲ್ಲಿ ಕೆಲವರು ಕೊನೆಗೆ ಸೇರಿದ್ದು ನಮ್ಮ ಗುಡ್ಡಗಳನ್ನು. ಇವರ ಹಿರಿಯರ ತೋಟಗಳಿಗೂ ಯುದ್ಧಕ್ಕೂ ನೇರ ಸಂಬಂಧವಿತ್ತು. 1942ರ ಆರಂಭದಲ್ಲಿ ಮಲಯಾ ಜಪಾನಿನ ಕೈಗೆ ಹೋದ ಮೇಲೆ, ಮಿತ್ರರಾಷ್ಟ್ರಗಳಿಗೆ ಸಹಜ ರಬ್ಬರಿನ ಮುಖ್ಯ ಆಸರೆಯಾಗಿ ಉಳಿದದ್ದು ಸಿಲೋನ್. ಹರ್ಮಿಸ್‌ನಂತಹ ಹಡಗುಗಳು ಕಾಯುತ್ತಿದ್ದ ಕಡಲ ದಾರಿಯಲ್ಲಿ ಲಂಡನ್ನಿಗೆ ಸಾಗುತ್ತಿದ್ದುದು ಆ ತೋಟಗಳ ಚಹಾ ಮತ್ತು ರಬ್ಬರ್. ಮರಕ್ಕೆ ಗೆರೆ ಕೊರೆದು ಹಾಲಿಳಿಸಿದ ಕೈಗಳ ಲೆಕ್ಕ ಯಾವ ಯುದ್ಧಚರಿತ್ರೆಯಲ್ಲೂ ಬರುವುದಿಲ್ಲ.

ಈಗ ನಮ್ಮ ಅರಬ್ಬಿ ಸಮುದ್ರದತ್ತ ತಿರುಗೋಣ. ಗೋವೆಯ ಮುರ್ಮುಗೋವಾ ಬಂದರಿನಲ್ಲಿ 1943ರ ಮಾರ್ಚ್ 9ರ ರಾತ್ರಿ ಜರ್ಮನಿಯ ಏರನ್‌ಫೆಲ್ಸ್ ಮುಂತಾದ ಹಡಗುಗಳನ್ನು ಅವುಗಳ ನಾವಿಕರೇ ಮುಳುಗಿಸಿದ ಪ್ರಸಂಗ ರೋಚಕವಾದುದು. ಕಲ್ಕತ್ತದಿಂದ ಬಂದ ಕೆಲವು ನಡುವಯಸ್ಸಿನ ಸ್ವಯಂಸೇವಕ ಸೈನಿಕರು ಗುಟ್ಟಾಗಿ ದಾಳಿ ಮಾಡಿದ್ದರು. ಅದರ ಮೇಲೆ 1980ರಲ್ಲಿ ಇಂಗ್ಲಿಷ್ ಚಲನಚಿತ್ರವೂ ಬಂತು. ಅದು ಅಷ್ಟಕ್ಕಿರಲಿ. ನನ್ನನ್ನು ಹೆಚ್ಚು ಕಾಡಿದ್ದು ತಿಲಾವಾ.

ತಿಲಾವಾ ಯುದ್ಧನೌಕೆಯಲ್ಲ, ಪ್ರಯಾಣಿಕರ ಹಡಗು. 1942ರ ನವೆಂಬರ್ 20ರಂದು ಮುಂಬಯಿಯಿಂದ ಪೂರ್ವ ಆಫ್ರಿಕದ ಬಂದರುಗಳಿಗೂ ಡರ್ಬನ್ನಿಗೂ ಹೊರಟಿತು. 732 ಪ್ರಯಾಣಿಕರು, 222 ಸಿಬ್ಬಂದಿ, 4 ಮಂದಿ ತೋಪುಗಾರರು. ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯರು: ಗಂಡನನ್ನು ಸೇರಲು ಹೊರಟ ಹೆಂಡತಿಯರು, ಮಕ್ಕಳು, ಅಂಗಡಿಯವರು. ನವೆಂಬರ್ 23ರ ನಸುಕಿನಲ್ಲಿ ಜಪಾನಿನ ಐ-29 ಎಂಬ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಜನ ಗಾಬರಿಯಿಂದ ದೋಣಿಗಳಿಗೆ ಧುಮುಕಿದರು. ಹಡಗು ಕೂಡಲೇ ಮುಳುಗದಿರುವುದನ್ನು ಕಂಡು ಕೆಲವರು ಮತ್ತೆ ಹಡಗನ್ನೇರಿದರು. ಆಗ ಎರಡನೆಯ ಟಾರ್ಪಿಡೊ ಬಂತು. 280 ಜನ ಸತ್ತರು. ಎರಡು ದಿನ ಕಡಲ ಮೇಲೆ ತೇಲಿದವರನ್ನು ಬರ್ಮಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ನೌಕೆ ರಕ್ಷಿಸಿ ಮುಂಬಯಿಗೆ ಮರಳಿಸಿತು.

ಸಂತ ಪೌಲರ ಹಡಗು ಮಾಲ್ಟಾದ ಬಳಿ ಒಡೆದ ವೃತ್ತಾಂತವನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ನೀವು ಓದಿದ್ದೀರಿ. ಅಲ್ಲಿ ಸಂತ ಲೂಕರು ಹಡಗಿನಲ್ಲಿದ್ದವರ ಸಂಖ್ಯೆಯನ್ನು ತಪ್ಪದೆ ಹೇಳುತ್ತಾರೆ: 276. ಕೈದಿಗಳು, ಸೈನಿಕರು, ನಾವಿಕರು ಎಂಬ ಭೇದವಿಲ್ಲದೆ ಎಲ್ಲರನ್ನೂ ಎಣಿಸಿದ್ದಾರೆ. ಸೆಮಿನರಿಯಲ್ಲಿ ಈ ಅಧ್ಯಾಯವನ್ನು ಓದುವಾಗ ಆ ಸಂಖ್ಯೆ ನನಗೆ ಅನವಶ್ಯಕವಾಗಿ ಕಂಡಿತ್ತು. ತಿಲಾವಾದ ವಿಷಯ ತಿಳಿದ ಮೇಲೆ ಹಾಗೆನಿಸುವುದಿಲ್ಲ. ಯಾಕೆಂದರೆ ಆ ಹಡಗಿನ ಪೆಟ್ಟಿಗೆಗಳನ್ನು ಲೋಕವು ಬಹಳ ನಿಖರವಾಗಿ ಎಣಿಸಿತು. ದಕ್ಷಿಣ ಆಫ್ರಿಕ ಸರಕಾರ ನಾಣ್ಯಕ್ಕಾಗಿ ಖರೀದಿಸಿದ್ದ 2,364 ಬೆಳ್ಳಿಯ ಗಟ್ಟಿಗಳು ಅದರಲ್ಲಿದ್ದವು. ಸುಮಾರು ಎರಡೂವರೆ ಕಿಲೋಮೀಟರ್ ಆಳದಲ್ಲಿ, ಯಾವ ಮುಳುಗುಗಾರನೂ ತಲುಪಲಾಗದ ಕತ್ತಲೆಯಲ್ಲಿದ್ದ ಆ ಬೆಳ್ಳಿಯನ್ನು ಖಾಸಗಿ ಸಂಸ್ಥೆಯೊಂದು ಯಂತ್ರಗಳಿಂದ ಎತ್ತಿ 2017ರಲ್ಲಿ ಇಂಗ್ಲೆಂಡಿಗೆ ಸಾಗಿಸಿತು. ಬೆಳ್ಳಿ ಯಾರದೆಂಬ ವ್ಯಾಜ್ಯ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2024ರ ಮೇ ತಿಂಗಳಲ್ಲಿ ತೀರ್ಪು ದಕ್ಷಿಣ ಆಫ್ರಿಕದ ಪರವಾಗಿ ಬಂತು. ಸತ್ತವರಿಗಾಗಿ? ಅವರ ಕುಟುಂಬದವರು ತಾವೇ ಒಬ್ಬರನ್ನೊಬ್ಬರು ಹುಡುಕಿಕೊಂಡು, 80 ವರ್ಷಗಳ ನಂತರ, 2022ರ ನವೆಂಬರ್ 23ರಂದು ಮುಂಬಯಿಯಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಸಿದರು.

ಮುಳುಗಿದ ಹಡಗುಗಳ ದರ್ಶನಕ್ಕೆ ಜಗತ್ತಿನಲ್ಲೇ ಹೆಸರಾದ ತಾಣ ಪೆಸಿಫಿಕ್ ಸಾಗರದ ಚೂಕ್, ಹಿಂದಿನ ಟ್ರುಕ್. 1944ರ ಫೆಬ್ರವರಿ 17 ಮತ್ತು 18ರಂದು ಅಮೆರಿಕದ ವಿಮಾನಗಳು ಅಲ್ಲಿ ಜಪಾನಿನ 40ಕ್ಕೂ ಹೆಚ್ಚು ಹಡಗುಗಳನ್ನು ಮುಳುಗಿಸಿದವು. 1969ರಲ್ಲಿ ಕುಸ್ಟೊ ಅಲ್ಲಿ ಚಿತ್ರ ತೆಗೆದ ಮೇಲೆ ಮುಳುಗುಗಾರರ ಸಾಲೇ ಹೊರಟಿತು. ಹಡಗಿನ ಒಡಲಲ್ಲಿ ವಿಮಾನದ ಬಿಡಿಭಾಗಗಳು, ಟ್ಯಾಂಕುಗಳು, ಊಟದ ಪಿಂಗಾಣಿ ತಟ್ಟೆಗಳು, ಅವುಗಳ ನಡುವೆ ಮನುಷ್ಯರ ಎಲುಬುಗಳು. ಹೊರಗೆಲ್ಲ ಹವಳ ಬೆಳೆದು ತೋಟದಂತಾಗಿದೆ. ಆ ದ್ವೀಪದಲ್ಲೇ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರಿನ ಪ್ರೌಢಶಾಲೆಯೊಂದಿದೆ. ಜಪಾನಿನ ನೌಕಾಪಡೆಯ ಸಂದೇಶ ಕೇಂದ್ರವಾಗಿದ್ದ, ಬಾಂಬಿಗೂ ಜಗ್ಗದ ದಪ್ಪ ಕಾಂಕ್ರೀಟ್ ಕಟ್ಟಡದಲ್ಲಿ ಯೇಸುಸಭೆಯವರು 1952ರಲ್ಲಿ ಅದನ್ನು ಆರಂಭಿಸಿದರು. ಮೊದಲಿಗೆ ಅದು ಕಿರಿಯ ಸೆಮಿನರಿಯಾಗಿತ್ತು.

ಅಲ್ಲಿನ ಇಂದಿನ ಚಿಂತೆ ಬೇರೆ. ಹಡಗುಗಳ ಉಕ್ಕು ತುಕ್ಕು ಹಿಡಿಯುತ್ತಿದೆ, ಒಳಗುಳಿದ ಎಣ್ಣೆ ಸೋರುತ್ತಿದೆ. ಅದರ ಹೊಡೆತ ಬೀಳುವುದು ಆ ಯುದ್ಧದಲ್ಲಿ ಯಾವ ಪಕ್ಷವನ್ನೂ ಆರಿಸಿಕೊಳ್ಳದ ದ್ವೀಪದ ಮೀನುಗಾರರ ಮೇಲೆ. ಇಂಡೋನೇಷ್ಯದ ಜಾವಾ ಸಮುದ್ರದಲ್ಲಿ ಇನ್ನೂ ಹೇಯವಾದ ಸಂಗತಿ ನಡೆಯಿತು: 1942ರ ಫೆಬ್ರವರಿಯ ಕಾಳಗದಲ್ಲಿ ಮುಳುಗಿದ್ದ ಡಚ್ ನೌಕೆಗಳನ್ನು ನೋಡಲು 2016ರಲ್ಲಿ ಇಳಿದವರಿಗೆ ಅವುಗಳಲ್ಲಿ ಎರಡು ಪೂರ್ತಿಯಾಗಿ ಮಾಯವಾಗಿದ್ದವು. ಗುಜರಿಯ ಆಸೆಗೆ ಯಾರೋ ನೂರಾರು ನಾವಿಕರ ಸಮಾಧಿಯನ್ನೇ ಕತ್ತರಿಸಿ ಮಾರಿದ್ದರು. ಯುನೆಸ್ಕೊದ 2001ರ ಒಡಂಬಡಿಕೆ ಇದೆ, ನಿಜ. ಆದರೆ ಅದು ಕಾಯುವುದು ನೀರಿನಡಿಯಲ್ಲಿ 100 ವರ್ಷ ಕಳೆದುದನ್ನು. ಹರ್ಮಿಸ್, ತಿಲಾವಾಗಳಿಗೆ ಆ ವಯಸ್ಸು ತುಂಬುವುದು 2042ರಲ್ಲಿ.

ಹಾಗಾದರೆ ಇಳಿಯಬಾರದೇ ಫಾದರ್ ಎಂದು ಆ ಯುವಕ ಕೇಳಿಯಾನು. ಇಳಿಯಬಾರದೆಂದು ನಾನು ಹೇಳುವುದಿಲ್ಲ. ನಮ್ಮ ಇಗರ್ಜಿಯ ಸ್ಮಶಾನದಲ್ಲೂ ಮಕ್ಕಳು ಹೂ ಕೀಳಲು ಓಡಾಡುತ್ತಾರೆ. ಹಿರಿಯರು ಗದರುವುದು ಅವರು ಶಿಲುಬೆಯ ಮೇಲೆ ಹತ್ತಿದಾಗ ಮಾತ್ರ. ತಟ್ಟೆಯೊಂದನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವುದು, ಎಲುಬಿನೊಡನೆ ಚಿತ್ರ ತೆಗೆಸಿಕೊಳ್ಳುವುದು ಆ ಶಿಲುಬೆ ಹತ್ತುವ ಜಾತಿಯ ಕೆಲಸ. ನೋಡಿ ಸುಮ್ಮನೆ ಮೇಲೆದ್ದು ಬಂದವನು, ತಾನು ಕಂಡುದನ್ನು ನಾಲ್ಕು ಜನರಿಗೆ ಹೇಳಿದರೆ, ಬೆಳ್ಳಿ ಎತ್ತಿದವರಿಗಿಂತ ಹೆಚ್ಚಿನದನ್ನೇ ಮೇಲಕ್ಕೆ ತಂದಂತಾಯಿತು.

ನಮ್ಮಂತಹ ಗುಡ್ಡದವರಿಗೆ ಅಷ್ಟು ಆಳಕ್ಕೆ ಇಳಿಯುವ ಅಗತ್ಯವೂ ಇಲ್ಲ. 1942ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ತಿರುವಾಂಕೂರಿನ ಹಸಿವನ್ನು ಬಾಲ್ಯದಲ್ಲಿ ಉಂಡ ಅಜ್ಜಿ, ಸಿಲೋನಿನ ತೋಟದ ಲೈನು ಮನೆಯಲ್ಲಿ ಹುಟ್ಟಿದ ಅಜ್ಜ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇನ್ನೂ ಇರಬಹುದು. ಮಲಯಾಳವಾಗಲಿ, ತಮಿಳಾಗಲಿ, ತುಳುವಾಗಲಿ, ಅವರ ಮಾತನ್ನು ಅವರದೇ ಭಾಷೆಯಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ದಾಖಲಿಸಿದರೂ ಸರಿ. ಯಾವ ವರ್ಷ ಹೊರಟರು, ದಾರಿಯಲ್ಲಿ ಏನು ತಿಂದರು, ಯಾರನ್ನು ಬಿಟ್ಟು ಬಂದರು ಎಂಬಷ್ಟನ್ನಾದರೂ ಕೇಳಿ. ನವೆಂಬರ್ ತಿಂಗಳ ಮೃತರ ಸ್ಮರಣೆಯ ಬಲಿಪೂಜೆಗೆ ಹೆಸರಿನ ಚೀಟಿಗಳನ್ನು ತರುವಾಗ ಆ ಹಾಳೆಗಳನ್ನೂ ತನ್ನಿ. ನೇತ್ರಾಣಿಗೆ ಹೋಗಿ ಬಂದ ಆ ನಾಲ್ವರಿಗೆ ಅವನ್ನು ಒಂದೇ ಪುಸ್ತಕದಲ್ಲಿ ಪ್ರತಿ ಮಾಡುವ ಕೆಲಸವನ್ನು ಈಗಾಗಲೇ ವಹಿಸಿದ್ದೇನೆ.